ಉಪ್ಪು ತೊಳೆಯುವ ಹೊತ್ತು

ನಮ್ಮೂರು ರಂಗಸಮುದ್ರ.
ಸಮುದ್ರ ಹೆಸರಲ್ಲಿ ಮಾತ್ರ. ಇರುವುದು
ನಾಲೆ, ಗದ್ದೆ, ಗದ್ದೆಯಿಂದ ಗದ್ದೆಗೆ ಬಿಟ್ಟ ನೀರು.
ನಿಜವಾದದ್ದು ಬರುವುದು ನನ್ನ ಬೈಕಿನ ಹಿಂದೆ
ಥರ್ಮಾಕೋಲ್ ಡಬ್ಬಿಯಲ್ಲಿ, ಐಸಿನ ಕೆಳಗೆ,
ಮುಚ್ಚಲಾರದ ಬಂಗುಡೆಯ ಕಣ್ಣಿನಲ್ಲಿ.

ನಾಲ್ಕು ಗಂಟೆಗೆ ಮಂಡಿ ಮೊಹಲ್ಲಾದಲ್ಲಿ
ಮಂಗಳೂರು ಲಾರಿ ಬಾಗಿಲು ತೆಗೆಯುತ್ತದೆ.
ಕುಂಞಿಮೋನು ತೂಗುತ್ತಾನೆ, ನಾನು ಕಟ್ಟುತ್ತೇನೆ
ಸೈಕಲ್ ಟ್ಯೂಬು ಎಳೆದು, ಎರಡು ಸುತ್ತು.
ವರುಣಾ ದಾಟುವಾಗ ಮಾಗಿಯ ಮಂಜು
ಹೆಡ್‌ಲೈಟಿನ ಮೂತಿಗೇ ಒರಗಿರುತ್ತದೆ.
ಮುಂದಿನಿಂದ ಇಬ್ಬನಿ, ಹಿಂದಿನಿಂದ ಉಪ್ಪುನೀರು,
ನಡುವೆ ನಾನೂ ನನ್ನ ಸಿಡಿ ಹಂಡ್ರೆಡ್ಡೂ
ಜಾಡಿಗೆ ಬಿದ್ದ ಎರಡು ಮಾವಿನ ಹೋಳು.

ತೊಟ್ಟು ತೊಟ್ಟು ಬೀಳುತ್ತದೆ ಐಸು
ಚೈನಿನ ಮೇಲೆ, ಕಡ್ಡಿಗಳ ಬುಡಕ್ಕೆ,
ಸೈಲೆನ್ಸರಿನ ಹೊಟ್ಟೆಗೆ ಬಿದ್ದು ಸುಂಯ್ಯೆನ್ನುತ್ತದೆ.
ಬೇಸಿಗೆಯಾದರೆ ಬಿಸಿಲೇ ಒರೆಸಿಬಿಡುತ್ತೆ.
ಈಗ ಹತ್ತಾದರೂ ಹಸಿ.

ಯಾದವಗಿರಿಯ ಫ್ಯಾಕ್ಟರಿಯಲ್ಲಿ ಒಂದು ಕಾಲಕ್ಕೆ
ಜಾವಾ ಹ್ಯಾಂಡಲುಗಳನ್ನು ಕ್ರೋಮಿನ ತೊಟ್ಟಿಗೆ ಅದ್ದುತ್ತಿದ್ದ ಅರುಳಪ್ಪ
ಹೋದ ವರ್ಷ ನನ್ನ ಚೈನ್ ಕವರಿಗೆ ಬೆರಳಿಟ್ಟ.
ಬೆರಳು ಆ ಕಡೆ ಬಂತು.
'ಏನಯ್ಯಾ, ಹಪ್ಪಳ ಸುಟ್ಟು ಸಿಗಿಸಿದ್ದೀಯ?'
ನಾನು ನಗಲಿಲ್ಲ. ಅವನೂ ನಗಲಿಲ್ಲ.
ಆಮೇಲೆ ಬೀಡಿ ಹಚ್ಚಿ ಅಂದ:
'ನೀರು ಬಿದ್ದುದಕ್ಕೆ ತುಕ್ಕು ಹಿಡಿಯಲ್ಲ ಕಣೋ,
ಉಳಿದುದಕ್ಕೆ.'

ಅಂದಿನಿಂದ ಮಧ್ಯಾಹ್ನದ ಊಟಕ್ಕೆ ಮೊದಲು ಇದು:
ಸೈಲೆನ್ಸರ್ ಆರುವವರೆಗೆ ಕೂರಬೇಕು ಸುಮ್ಮನೆ.
ನಾಲ್ಕು ಬಿಂದಿಗೆ ಸಿಹಿನೀರು, ಮೇಲಿಂದ ಅಲ್ಲ,
ಅಡಿಯಿಂದ, ಮಡ್‌ಗಾರ್ಡಿನ ಒಳಮೈಗೆ,
ಕಣ್ಣಿಗೆ ಕಾಣದ ಕಡೆಗೇ ಹೆಚ್ಚು.
ಹಳೇ ಪಂಚೆಯಲ್ಲಿ ಒರೆಸಿ, ನಾಲೆ ಏರಿಯ ಮೇಲೆ
ಒಂದು ಸುತ್ತು ಓಡಿಸಿ ಬಂದರೆ
ಸಂದಿಯಲ್ಲಿ ಅಡಗಿದ್ದೂ ಹಾರುತ್ತದೆ.
ಸೀಮೆಎಣ್ಣೆಯ ಬ್ರಷ್ಷು ಚೈನಿಗೆ. ಆಮೇಲೆ ಆಯಿಲ್.
ಕ್ರೋಮಿಗೆ, ನಟ್ಟಿನ ತಲೆಗಳಿಗೆ
ಚಿಕ್ಕತಾಯಿ ತಲೆಗೆ ಹಚ್ಚುವ ಹರಳೆಣ್ಣೆ,
ಅವಳಿಗೆ ಗೊತ್ತಾಗದ ಹಾಗೆ, ಒಂದೇ ಹನಿ.
ಬ್ರೇಕಿನ ಹತ್ತಿರ ಮಾತ್ರ ಆ ಕೈ ಸುಳಿಯಬಾರದು.

ಒಂದು ತಪ್ಪೂ ಮಾಡಿದ್ದೆ. ಚಳಿ ಎಂದು
ನೀಲಿ ಟಾರ್ಪಾಲು ಸುತ್ತಿ ನಿಲ್ಲಿಸಿದ್ದೆ ರಾತ್ರಿಯೆಲ್ಲ.
ಬೆಳಿಗ್ಗೆ ಬಿಚ್ಚಿದರೆ ಜ್ವರ ಬಂದವನ ಹಾಗೆ ಬೆವೆತಿತ್ತು.
ಈಗ ಎಮ್ಮೆಗೆ ಒಂದು ಗೋಣಿ, ಬೈಕಿಗೆ ಒಂದು.
ಎರಡೂ ಒಂದೇ ಚಪ್ಪರದಡಿ ಉಸಿರಾಡುತ್ತವೆ.

ಮಾಗಿಯಲ್ಲಿ ಅರ್ಧ ಊರಿನ ಕೊರಳಲ್ಲಿ ಅಯ್ಯಪ್ಪನ ಮಾಲೆ.
ಪೋಂ ಪೋಂ ಎಂದರೂ ಬಾಗಿಲು ತೆರೆಯುವುದಿಲ್ಲ.
ಡಬ್ಬಿ ಅರ್ಧ ಖಾಲಿ, ಉಪ್ಪುನೀರು ಅರ್ಧ,
ಬೈಕಿಗೆ ಲಾಭ, ನನಗೆ ಲುಕ್ಸಾನು.
ಸಂಕ್ರಾಂತಿ ಕಳೆದ ಮೇಲೆ ಅದೇ ಬಾಯಿಗಳು
ಬಂಗುಡೆ ಯಾಕೆ ಸಣ್ಣ ಎಂದು ಜಗಳ ತೆಗೆಯುತ್ತವೆ.

ನಾನು ಸಮುದ್ರ ನೋಡಿದವನಲ್ಲ.
ಒಂದು ಮಧ್ಯಾಹ್ನ ಯಾರೂ ಇಲ್ಲದಾಗ
ತೊಳೆಯುವ ಮೊದಲು ಚೈನ್ ಕವರ್ ಸವರಿ
ಬೆರಳನ್ನು ನಾಲಿಗೆಗೆ ಇಟ್ಟೆ.
ಉಪ್ಪು, ಗ್ರೀಸು, ಸ್ವಲ್ಪ ರಕ್ತದ ರುಚಿ.
ಅಷ್ಟು ದೂರದಿಂದ ಬಂದದ್ದು
ತಗಡು ತಿನ್ನುವಷ್ಟು ಹಸಿದಿದ್ದರೆ ತಪ್ಪೇನು ಅನ್ನಿಸಿತು.
ಆಮೇಲೆ ಬಿಂದಿಗೆ ಎತ್ತಿದೆ.

ತೊಳೆದ ನೀರು ಹರಿದ ಕಡೆ ಚಿಕ್ಕತಾಯಿಯ ಬಸಳೆ ಸುಟ್ಟುಹೋಯಿತು.
ಮೂರು ದಿನ ಮಾತಿಲ್ಲ.
ನಾಲ್ಕನೆಯ ದಿನ ಅವಳೇ ಗುದ್ದಲಿ ಹಿಡಿದು
ಕಾಲುವೆ ತಿರುಗಿಸಿದಳು ತೆಂಗಿನ ಸಸಿಗೆ:
'ಇದಕ್ಕೆ ಉಪ್ಪು ಆಗುತ್ತೆ.'

ಚೈನ್ ಕವರಿನ ತೂತಿಗೆ ಅರುಳಪ್ಪ ಹೊಡೆದುಕೊಟ್ಟದ್ದು
ಹಳೇ ಡಾಲ್ಡಾ ಡಬ್ಬಿಯ ತಗಡು.
ಅದರ ಮೇಲಿನ ಮರ ಅಡ್ಡ ಮಲಗಿದೆ.
ಇವತ್ತು ಒರೆಸುವಾಗ ನೋಡಿದೆ,
ಗರಿಯ ತುದಿಯಲ್ಲಿ ಸಾಸಿವೆಯಷ್ಟು ಕೆಂಪು.
ಹರಳೆಣ್ಣೆ ಮುಗಿದಿತ್ತು. ಉಗುರಿನಲ್ಲಿ ಕೆರೆದೆ,
ಮೀಸೆ ಸವರಿಕೊಂಡ ಬೆರಳಲ್ಲೇ ಒತ್ತಿ ಒರೆಸಿದೆ.