ಇನ್ನೂರು ಗ್ರಾಂ

ನಾಳೆ ಯಾರು ಗೆಲ್ತಾರೆ, ಗುರುಶಾಂತಣ್ಣ?
ಮಿರ್ಚಿ ಕಚ್ಚುತ್ತ ಕೇಳುತ್ತಾರೆ ಹುಡುಗರು.
ದುರ್ಗದ ಓಬಳೇಶನದು ಉಡದ ಪಟ್ಟು,
ಕಾಲು ಸುತ್ತಿದರೆ ಬಿಡಿಸುವವರಿಲ್ಲ.
ನಮ್ಮ ದಸ್ತಗೀರನ ಕೈ, ಬಂತು ಅನ್ನುವಷ್ಟರಲ್ಲಿ
ಹೋಗಿರುತ್ತದೆ.
ಎರಡನೇ ಸುತ್ತು ದಾಟಿದರೆ ನಮ್ಮವನೇ, ಅಂದೆ.

ಅನ್ನದೆ ಉಳಿದದ್ದು ಒಂದಿದೆ.
ಐವತ್ತಾರೂ ಮುಕ್ಕಾಲಿಗೆ ಇಳಿಯಲು
ತಿಂಗಳಿಡೀ ಮಂಡಿಪೇಟೆಯ ನನ್ನ ಬೆಲ್ಲದಂಗಡಿಯಲ್ಲಿ
ತಕ್ಕಡಿ ಹತ್ತಿ ನಿಂತ ಹುಡುಗ,
ಉಗುಳನ್ನೂ ನುಂಗದೆ,
ಅಚ್ಚುಗಳಿಗೆ ಬೆನ್ನು ಹಾಕಿ.
ನಿನ್ನೆ ರಾತ್ರಿ, ಇನ್ನೂ ಇನ್ನೂರು ಗ್ರಾಂ ಅಂತ
ಸ್ವೆಟರ್ ಮೇಲೆ ಸ್ವೆಟರ್ ತೊಟ್ಟು
ಪಿ.ಬಿ. ರೋಡಿನುದ್ದ ಓಡಿದ.

ಆ ಇನ್ನೂರು
ಅವನದಲ್ಲ. ಅಪ್ಪನ ಕಾಲದಿಂದ
ತಕ್ಕಡಿಯದು.

ಮೂರನೇ ಸುತ್ತಿನಲ್ಲಿ ಅವನ ಮೊಣಕಾಲು ನಡುಗಿದರೆ
ಎಷ್ಟು ನಡುಗೀತು,
ನನಗೆ ಲೆಕ್ಕ ಗೊತ್ತು.