ಎರಡನೇ ಸರ್ವೆ

ಮೊದಲ ಸರ್ವೆದಾಗ ನಾವು ಬರೇ ಎಣಿಸಿ ಬಂದಿದ್ವಿ.
ಹಳೇ ಬಾಗಲಕೋಟಿ, ಮುಳುಗಿದ ಕಿಲ್ಲೆ ಓಣಿ,
ಅಲ್ಲಿ ಹೊಸ್ತಿಲಗಲ್ಲಿನ ಸಂದಿಗೆ ಮಿಣುಕುಹುಳದಂಥ ಮಂದಿ.
ಆಕಾಶದಿಂದ ಹಿನ್ನೀರ ಕಂಡು ಇಳಿದಿದ್ರು,
ಖಾಲಿ ಐತಿ, ತಂಪೈತಿ ಅಂತ.

'ನಂದು' ಅನ್ನೋ ಮಾತು ಅವರಲ್ಲಿ ಇರಲಿಲ್ಲ.
ಒಬ್ಬರ ಹಸಿವು ಇನ್ನೊಬ್ಬರ ಮೈಯಾಗ ಮಿನುಗತಿತ್ತು.
ಸತ್ತವರ ಬೆಳಕು ಹಂಚಿಕೊಂಡು
ಉಳಿದವರು ಒಂದು ರಾತ್ರಿ ತುಸು ಹೆಚ್ಚು ಉರೀತಿದ್ರು.

ಏಳನೇ ಕಾಲಮಿನಾಗ ಬರೀಬೇಕಿತ್ತಲ್ಲ, ಮಾಲೀಕರ ಹೆಸರು.
ನಾನೇ ಕಲಿಸಿದೆ.
ಬಿಳಿ ಬಣ್ಣದ ಡಬ್ಬಿ ಹಿಡಿದು
ಗೋಡಿಗೊಂದು ನಂಬರ್ ಬರೆದು, ಬೆರಳ ಮಾಡಿ,
"ಇದು ನಿಂದು. ಅದು ನಿಂದಲ್ಲ."
ಎರಡನೇ ಮಾತು ತಿಳಿಯಾಕ ಅವರಿಗೆ ಮೂರು ದಿನ ಹಿಡೀತು.

ಈ ಸಲ ರ್ಯಾವಪ್ಪ ಅಂಬಿಗೇರ
ನಡುನೀರಾಗ ಹುಟ್ಟು ಎತ್ತಿ ಹಿಡಿದು ಸುಮ್ನ ಕುಂತ.
ಕೆಳಗ ಕತ್ತಲ.
ಮೀನಿನ ಮುಳ್ಳು ನೆಟ್ಟ ಬೇಲಿ, ಬೇಲಿಗೊಬ್ಬ ಕಾವಲು,
ಯಾರ್ದೋ ಬೆಳಕು, ಹಂಚದೆ,
ಶರಬತ್ತಿನ ಹಳೇ ಬಾಟ್ಲಿಯಾಗ ತುಂಬಿ ಬೂಚು ಜಡಿದದ್ದು.

ಒಬ್ಬಾಕಿ ಮ್ಯಾಲ ಬಂದ್ಲು, ಅರ್ಧ ಆರಿದಾಕಿ.
ನನ್ನ ರಿಜಿಸ್ಟರಿನ ಮ್ಯಾಲ ಒದ್ದಿ ಬೆರಳಿಟ್ಟು
ನನ್ನದೇ ಧಾಟಿಯಾಗ ಕೇಳಿದ್ಲು:
"ನಲವತ್ತೊಂದನೇ ನಂಬರಿನವ ಸತ್ತರ
ಪರಿಹಾರ ಯಾರಿಗ್ರಿ?"
ಬೆರಳ ತುದಿಗೆ ಇನ್ನೊಬ್ಬರ ಬೆಳಕು ಹತ್ತಿತ್ತು.

ನವನಗರದ ಮನಿಗೆ ಬಂದು ಲೈಟ್ ಹಾಕಲಿಲ್ಲ.
ನಮ್ಮಪ್ಪನೂ ಇದನ್ನ ಕೇಳಿದ್ದ,
ಊರು ಮುಳುಗೋ ವರ್ಷ, ಅದೇ ಓಣಿಯಾಗ,
ತನ್ನ ತಮ್ಮನ ಹೆಸರು ಹಿಡಿದು.