ಒಳಗೆ ಬಿಟ್ಟ ಬಟ್ಟೆ

ಮೂವತ್ತೊಂದು ವರ್ಷದಿಂದ ಚೌಕಿಪೇಟೆಯಲ್ಲಿ ಕೂತು
ಈ ಊರಿನ ಸೊಂಟಗಳ ಲೆಕ್ಕ ಇಟ್ಟವನು ನಾನು.
ಯಾರದು ಯಾವ ದೀಪಾವಳಿಗೆ ಮೂವತ್ತೆಂಟು ದಾಟಿತು,
ಯಾರ ಕೋಟಿನ ಗುಂಡಿ ಮಗಳ ಮದುವೆಯ ದಿನವೇ ಮುನಿಯಿತು,
ಎಲ್ಲ ಇದೆ ನೀಲಿ ರಟ್ಟಿನ ಪುಸ್ತಕದಲ್ಲಿ.
ನನ್ನದೊಂದು ಇರಲಿಲ್ಲ.

ರಕ್ತದ ಚೀಟಿ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.
"ಮಾಳತ್ಕರ್ ಅವರೇ, ಇದು ರಕ್ತಾನೋ ಡಾಲ್ಡಾನೋ?"
ಬೆಣ್ಣೆ ಬಂದ್, ತುಪ್ಪ ಬಂದ್, ಕರಿದದ್ದು ಬಂದ್.
ಬೇರೆ ಊರಲ್ಲಾದರೆ ಸರಿ.
ದಾವಣಗೆರೆಯಲ್ಲಿ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದರೆ
ಸೂರ್ಯನಿಗಿಂತ ಮೊದಲು ಒಳಗೆ ಬರುವುದು
ಎದುರಿನ ಕಾವಲಿಯ ಮೇಲೆ ಬಿದ್ದ ಬೆಣ್ಣೆಯ ವಾಸನೆ.
ಬಾಗಿಲು ಹಾಕಿಕೊಂಡು ಹೊಲಿಯಲಾದೀತೆ?

ಹೀಗೆ ಶುರುವಾಯಿತು.
ಕುಂದವಾಡ ಕೆರೆಯ ಏರಿಯ ಮೇಲೆ ನಸುಕಿನ ನಡಿಗೆ
(ಮುಂದೆ ಹೋಗುವವರ ಪ್ಯಾಂಟಿನ ಹೊಲಿಗೆ ನೋಡುತ್ತಾ),
ಒಗ್ಗರಣೆಯಿಲ್ಲದ ಸಾರು,
ಮನೆಗೆ ಬಂದೂ ಮಾತಾಡದೆ ಕೂತ ನೆಂಟನ ಹಾಗೆ,
ಸುಟ್ಟ ಹಪ್ಪಳ, ಕಡೆದು ಬೆಣ್ಣೆ ತೆಗೆದ ಮಜ್ಜಿಗೆ,
ಸಂಜೆಗೆ ಭಟ್ಟಿಯಿಂದ ಬಿಸಿಬಿಸಿ ಮಂಡಕ್ಕಿ.
ಸುಡುವ ಮರಳಲ್ಲಿ ಅರಳಿದ್ದು, ಜಿಡ್ಡಿನ ಮುಖ ಕಾಣದ್ದು.
ಮಗ್ಗುಲಲ್ಲಿ ಮಿರ್ಚಿ ಇಲ್ಲದ ಮಂಡಕ್ಕಿ!
ಸೇರುಗಟ್ಟಲೆ ತಿಂದೆ. ಗಾಳಿ ತಿಂದ ಹಾಗಾಯಿತು.
ಕನಸಿನಲ್ಲಿ ಒಂದು ರಾತ್ರಿ
ಬೆಣ್ಣೆಯ ಥಾನಿನಿಂದ ಎರಡೂವರೆ ಮೀಟರ್ ಕತ್ತರಿಸಿದೆ,
ಕತ್ತರಿ ನೆಕ್ಕುವಾಗ ಎಚ್ಚರವಾಯಿತು.

ಆ ವಾರವೇ ಎದುರಿನ ಹಾಲಪ್ಪ ಬಂದ, ಅಂಗಿಯ ಅಳತೆಗೆ.
ಇಪ್ಪತ್ತಾರು ವರ್ಷ ಬೆಣ್ಣೆಯ ಮುಂದೆ ನಿಂತ ದೋಸೆಯವನು,
ಸೊಂಟ ಇಪ್ಪತ್ತೆಂಟೂವರೆ. ಟೇಪು ಎರಡು ಸಲ ಸುತ್ತಿ ನೋಡಿದೆ.
"ನಾ ತಿನ್ನಂಗಿಲ್ಲ ಮಾರಾಯ," ಅಂದ, ಕೈ ಎತ್ತಿ ನಿಂತೇ.
"ವಾಸ್ನೀಗೇ ಹೊಟ್ಟಿ ತುಂಬ್ತೈತಿ.
ಮನಿಗೆ ಹೋಗಿ ಮುದ್ದಿ, ಹಸೀ ಮೆಣಸಿನಕಾಯಿ."
ನನಗೆ ಅದೇ ವಾಸನೆಗೆ ಹಸಿವು.
ಒಂದೇ ಬೀದಿ, ಎರಡು ಮೂಗು.

ಮೂರು ತಿಂಗಳಿಗೆ ನಾನು ನಲವತ್ತೆರಡರಿಂದ ನಲವತ್ತೊಂದು,
ಅದೂ ಉಸಿರು ಬಿಗಿಹಿಡಿದು.
ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ನಾಗರಪಂಚಮಿಗೆ ಇಂದಿರಾಬಾಯಿಗೊಂದು ರವಿಕೆ ಹೊಲಿದೆ,
ಹಳೆಯ ಅಳತೆಗೇ. ಹೆಂಡತಿಯನ್ನು ಯಾರು ಪ್ರತಿವರ್ಷ ಅಳೆಯುತ್ತಾರೆ?
ತೊಟ್ಟು ಬಂದಳು. ಭುಜದಿಂದ ಜಾರಿತು.
ನನ್ನ ಕತ್ತರಿ ತಪ್ಪಿತೆಂದು ಬೈದುಕೊಂಡೆ,
ಟೇಪು ಹಿಡಿದೆ.
ಮೂವತ್ತಾರು ಇದ್ದದ್ದು ಮೂವತ್ತಮೂರು.
"ಏನಾಗಿದೆ ನಿನಗೆ?"
ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದಳು:
"ಏನಿಲ್ಲ. ಒಂದು ಮನೆಗೆ ಎರಡು ಸಾರು ಯಾಕೆ ಅಂತ."

ಯಾವ ಡಾಕ್ಟರೂ ಅವಳಿಗೆ ಏನೂ ಹೇಳಿರಲಿಲ್ಲ.

ದರ್ಜಿ ನಾನು. ಯಾರ ಬಟ್ಟೆಗೂ ಒಳಗೆ ಒಂದಿಂಚು ಬಿಡುತ್ತೇನೆ,
ಮುಂದೆ ಬಿಚ್ಚಿಕೊಳ್ಳಲಿ ಅಂತ.
ಇವಳಿಗೆ ಬಿಚ್ಚುವುದಲ್ಲ,
ಹಿಡಿಯುವುದಾಯಿತು, ಒಂದೊಂದು ಮಗ್ಗುಲಿಗೆ ಒಂದೂವರೆ ಇಂಚು.
ಹೊಲಿಗೆ ಹಾಕಿದೆ. ಉಳಿದ ಬಟ್ಟೆ ಕತ್ತರಿಸಲಿಲ್ಲ.
ಒಳಗೆ ಮಡಿಚಿಟ್ಟೆ.

ಮಧ್ಯಾಹ್ನ ಕರೆದುಕೊಂಡು ರಸ್ತೆ ದಾಟಿದೆ.
ಹಾಲಪ್ಪ ನನ್ನ ಮುಖ ನೋಡಿ, ಏನೂ ಕೇಳದೆ,
ಒಂದು ದೋಸೆ ಹುಯ್ದ.
ನನಗೊಂದು ಲೋಟ ನೀರು.
ಅವಳೋ, ಮೂವತ್ತು ವರ್ಷದ ಅಭ್ಯಾಸ,
ಮೇಲಿನ ಬೆಣ್ಣೆಯ ಉಂಡೆಯನ್ನು ಬೆರಳಿಂದ ನನ್ನ ಕಡೆಗೆ ಸರಿಸಿದಳು.
ನಾನು ಅವಳ ಕಡೆಗೆ ಸರಿಸಿದೆ.
ಅವಳು ನನ್ನ ಕಡೆಗೆ.
ನಾನು ಮತ್ತೆ.

ದೋಸೆ ಬಿಸಿಯಿತ್ತು.
ಇಬ್ಬರಿಗೂ ಸಿಗದೆ, ನಡುವೆ,
ಅದು ಕರಗಿತು.